ಅಗ್ಗದ ಎಲೆಕ್ಟ್ರಿಕ್ ಗಿಟಾರೋ, ದುಬಾರಿ ಮೂಲ ಮಾದರಿಯೋ: ತೀರ್ಮಾನಕ್ಕೆ ಬರುವ ಕ್ರಮ

ಫೆಂಡರ್ ಕಂಪನಿಯದೇ ಅಗ್ಗದ ಹೆಸರಾದ ಸ್ಕ್ವಾಯರ್ ಕೊಳ್ಳಬೇಕೇ, ಫೆಂಡರ್ ಕೊಳ್ಳಬೇಕೇ. ಗಿಬ್ಸನ್ ಕಂಪನಿಯ ಅಗ್ಗದ ಹೆಸರಾದ ಎಪಿಫೋನ್ ಸಾಕೇ, ಗಿಬ್ಸನ್ನೇ ಬೇಕೇ. ಪಿಆರ್‌ಎಸ್ ಕಂಪನಿಯ ಅಗ್ಗದ ಎಸ್‌ಇ ಸಾಲಿನಲ್ಲಿ ನಿಲ್ಲಬೇಕೇ, ಅದರ ಮೇಲಿನ ಸಾಲಿಗೆ ಹೋಗಬೇಕೇ ಎಂಬ ಪ್ರಶ್ನೆ ಕೇಳಿದವರಲ್ಲಿ ಬಹಳಷ್ಟು ಮಂದಿ, ಕೊಂಡ ಕೆಲವೇ ತಿಂಗಳಲ್ಲಿ ತಮ್ಮ ಆಯ್ಕೆಯ ಬಗ್ಗೆ ಅಸಮಾಧಾನ ಹೇಳಿಕೊಳ್ಳುತ್ತಾರೆ. ಅಗ್ಗದ್ದನ್ನು ಕೊಂಡವರು ಬಿಡಿಭಾಗ ಬದಲಿಸುತ್ತಲೇ ಇರುತ್ತಾರೆ. ದುಬಾರಿಯದನ್ನು ಕೊಂಡವರು ಆಂಪ್ಲಿಫೈಯರ್‌ಗೆ ಹಣವಿಲ್ಲದೆ ಕೂರುತ್ತಾರೆ. ಇಬ್ಬರ ವಿಷಯದಲ್ಲೂ ಕಾರಣ ಹೆಚ್ಚಾಗಿ ಒಂದೇ: ಪರೀಕ್ಷೆಯ ಕ್ರಮ ತಪ್ಪಿರುತ್ತದೆ. ಹೊಂದಿಕೆಯೇ (ತಂತಿಯ ಎತ್ತರ, ಶ್ರುತಿ ಮುಂತಾದವನ್ನು ಸರಿಪಡಿಸುವ ಕೆಲಸ) ಆಗದ ಅಗ್ಗದ ಗಿಟಾರನ್ನು ಚೆನ್ನಾಗಿ ಹೊಂದಿಸಿಟ್ಟ ದುಬಾರಿ ಗಿಟಾರಿನ ಜೊತೆ, ಬೇರೆ ಬೇರೆ ಆಂಪ್ಲಿಫೈಯರ್‌ಗಳಲ್ಲಿ, ಬೇರೆ ಬೇರೆ ದಪ್ಪದ ತಂತಿಗಳಲ್ಲಿ ಹೋಲಿಸಿದರೆ ಯಾವ ಉತ್ತರವೂ ನಂಬಿಕೆಗೆ ಅರ್ಹವಲ್ಲ.

ಈ ಮಾರ್ಗದರ್ಶಿಯ ಹಿಂದಿರುವ ನಿಲುವು ಸರಳವಾದದ್ದು. ಗಿಟಾರಿನಲ್ಲಿ ನಂತರ ಬದಲಿಸಲಾಗದ ಭಾಗಗಳಿಗೆ ಹಣ ಕೊಡಿ. ಬದಲಿಸಬಹುದಾದ ಭಾಗಗಳು ನಿಮ್ಮ ತೀರ್ಮಾನವನ್ನು ನಿರ್ಧರಿಸಲು ಬಿಡಬೇಡಿ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಿ, ಏಕೆಂದರೆ ನಾಲ್ಕನೆಯ ಹಂತವನ್ನು ಬಿಟ್ಟು ಆರನೆಯದಕ್ಕೆ ಹೋದರೆ ಆರನೆಯದರ ಫಲಿತಾಂಶಕ್ಕೆ ಬೆಲೆಯಿರುವುದಿಲ್ಲ.

## ಬೇಕಾಗುವ ಉಪಕರಣಗಳು

ಅರ್ಧ ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಅಳತೆಪಟ್ಟಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು), ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್), ನಿಖರವಾದ ಟ್ಯೂನರ್, ಎರಡೂ ಗಿಟಾರ್‌ಗಳಿಗೆ ಒಂದೇ ದಪ್ಪದ ಹೊಸ ತಂತಿಗಳು, ಸರಿಯಾದ ಅಳತೆಯ ಅಲೆನ್ ಕೀಲಿ ಮತ್ತು ಸ್ಕ್ರೂಡ್ರೈವರ್, ಮಲ್ಟಿಮೀಟರ್, ಸಾಮಾನು ತೂಗುವ ಕೈ ತಕ್ಕಡಿ, ಒಂದು ಕೇಬಲ್, ಒಂದು ಆಂಪ್ಲಿಫೈಯರ್, ಧ್ವನಿಮುದ್ರಣಕ್ಕೆ ಮೊಬೈಲ್. ಇವುಗಳ ಜೊತೆಗೆ, ನಿಮ್ಮ ಕಣ್ಣಿಗೆ ಬೀಳದಂತೆ ಗಿಟಾರ್ ಬದಲಿಸಿ ನುಡಿಸಬಲ್ಲ ಒಬ್ಬ ಸ್ನೇಹಿತರು ಬೇಕು. ಕೊಳ್ಳುವ ಮುನ್ನ ತಂತಿ ಬದಲಿಸಲು ಮಾರುವವರು ಒಪ್ಪದಿದ್ದರೆ, ಹಿಂದಿರುಗಿಸುವ ಅವಕಾಶ ಇರುವ ಕಡೆಯಿಂದಲೇ ಕೊಂಡು ಆ ಅವಧಿಯೊಳಗೆ ಎಲ್ಲ ಪರೀಕ್ಷೆ ಮುಗಿಸಿ.

## ಹಂತ 1: ಈಗಿನ ಗಿಟಾರ್ ಏನನ್ನು ತಡೆಯುತ್ತಿದೆ ಎಂದು ಬರೆಯಿರಿ

ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ: ನಾನು ನುಡಿಸಬೇಕೆಂದಿರುವ ಯಾವುದನ್ನು ನನ್ನ ಕೈಯಲ್ಲಿರುವ ವಾದ್ಯ ತಡೆಯುತ್ತಿದೆ? "ಹನ್ನೆರಡನೆಯ ಫ್ರೆಟ್‌ನಿಂದ (ಕೊರಳಿನ ಮೇಲಿನ ಲೋಹದ ಅಡ್ಡಗೆರೆ) ಮೇಲೆ ಬೆಂಡ್ ಮಾಡಿದಾಗ (ತಂತಿಯನ್ನು ಪಕ್ಕಕ್ಕೆ ಎಳೆದಾಗ) ಸ್ವರ ಸಾಯುತ್ತದೆ", "ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿಯುತ್ತದೆ" ಎಂಬಂಥ ಉತ್ತರಗಳು ಕೆಲಸಕ್ಕೆ ಬರುತ್ತವೆ, ಏಕೆಂದರೆ ಅವುಗಳನ್ನು ಪರೀಕ್ಷಿಸಬಹುದು. "ಧ್ವನಿಯಲ್ಲಿ ಜೀವ ಇಲ್ಲ" ಎಂಬುದು ಇನ್ನೂ ಉತ್ತರವಲ್ಲ. ಅದು ಹಳೆಯ ತಂತಿಯ ದೋಷವೂ ಆಗಿರಬಹುದು, ಸಣ್ಣ ಆಂಪ್ಲಿಫೈಯರಿನ ದೋಷವೂ ಆಗಿರಬಹುದು.

ಮೊದಲ ಗಿಟಾರ್ ಕೊಳ್ಳುವವರು ತಾವು ನುಡಿಸುವ ಶೈಲಿಯನ್ನು ಬರೆಯಲಿ. ಫೆಂಡರಿನ ಸ್ಟ್ರಾಟೋಕಾಸ್ಟರ್ ಮತ್ತು ಟೆಲಿಕಾಸ್ಟರ್ ಮಾದರಿಗಳಲ್ಲಿ ಕಂಪಿಸುವ ತಂತಿಯ ಉದ್ದ 25.5 ಇಂಚು, ಅಂದರೆ ಸುಮಾರು 648 ಮಿ.ಮೀ.; ಗಿಬ್ಸನ್ನಿನ ಲೆಸ್ ಪಾಲ್ ಮಾದರಿಯದು ಸುಮಾರು 24.75 ಇಂಚು. ಉದ್ದ ಕಡಿಮೆಯಾದಷ್ಟೂ ಅದೇ ತಂತಿ ಅದೇ ಶ್ರುತಿಯಲ್ಲಿ ಮೆತ್ತಗಿರುತ್ತದೆ, ಫ್ರೆಟ್‌ಗಳ ನಡುವಿನ ಅಂತರ ಕಿರಿದಾಗುತ್ತದೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬೇಕೇ, ಎರಡು ಸುರುಳಿಯ ಹಂಬಕರ್ ಬೇಕೇ ಎಂಬುದೂ ಇಲ್ಲೇ ತೀರ್ಮಾನವಾಗಬೇಕು. ಈ ಎರಡು ಗುಣಗಳು ಒಂದು ಮಾದರಿಯ ಅಗ್ಗದ ರೂಪದಲ್ಲೂ ದುಬಾರಿ ರೂಪದಲ್ಲೂ ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ಆದ್ದರಿಂದ ಮಾದರಿಯ ಆಯ್ಕೆ ಮೊದಲು, ಬೆಲೆಯ ಆಯ್ಕೆ ನಂತರ.

ಎಚ್ಚರಿಕೆಯ ಸೂಚನೆ: ನೀವು ಬರೆದ ವಾಕ್ಯದಲ್ಲಿ ಕಂಪನಿಯ ಹೆಸರು ಬಂದಿದ್ದರೆ ಅದನ್ನು ಅಳಿಸಿ ಮತ್ತೆ ಬರೆಯಿರಿ. ಹೆಸರಿನ ಮೇಲಿನ ಪ್ರೀತಿ ತಪ್ಪೇನಲ್ಲ. ಪ್ರತಿದಿನ ಎತ್ತಿಕೊಳ್ಳಬೇಕೆನಿಸುವ ವಾದ್ಯವೇ ಹೆಚ್ಚು ಅಭ್ಯಾಸ ಮಾಡಿಸುತ್ತದೆ ಎಂಬುದೂ ನಿಜ. ಆದರೆ ಆ ಪ್ರೀತಿಯನ್ನು ಕೊನೆಯ ಹಂತದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

## ಹಂತ 2: ಹಣವನ್ನು ಗಿಟಾರ್ ನೋಡುವ ಮೊದಲೇ ಪಾಲು ಮಾಡಿ

ಎಲೆಕ್ಟ್ರಿಕ್ ಗಿಟಾರ್ ತಾನೊಂದೇ ಪೂರ್ಣ ವಾದ್ಯವಲ್ಲ. ಆಂಪ್ಲಿಫೈಯರ್, ಅದರ ಸ್ಪೀಕರ್ ಮತ್ತು ಗಿಟಾರ್ ಸೇರಿ ಒಂದು ವಾದ್ಯ. ಒಟ್ಟು ಮೊತ್ತದಿಂದ ಆಂಪ್ಲಿಫೈಯರ್, ಕೇಬಲ್, ಚೀಲ ಅಥವಾ ಪೆಟ್ಟಿಗೆ, ತಂತಿಗಳು ಮತ್ತು ತಂತ್ರಜ್ಞರಿಂದ ಒಂದು ಪೂರ್ಣ ಹೊಂದಿಕೆ ಮಾಡಿಸುವ ಖರ್ಚನ್ನು ಮೊದಲು ಕಳೆಯಿರಿ. ಉಳಿದದ್ದು ಗಿಟಾರಿನ ಹಣ. ಮೂಲ ಮಾದರಿ ಕೊಂಡರೆ ಈ ಪಟ್ಟಿಯಲ್ಲಿ ಏನನ್ನಾದರೂ ಮುಂದೂಡಬೇಕಾಗುತ್ತದೆ ಎಂದಾದರೆ ಅದನ್ನು ಕೊಳ್ಳುವ ಕಾಲ ಇನ್ನೂ ಬಂದಿಲ್ಲ. ಸಾಧಾರಣ ಆಂಪ್ಲಿಫೈಯರಿನಲ್ಲಿ ಉತ್ತಮ ಗಿಟಾರ್ ನುಡಿಸುವುದಕ್ಕಿಂತ, ಉತ್ತಮ ಆಂಪ್ಲಿಫೈಯರಿನಲ್ಲಿ ಚೆನ್ನಾಗಿ ಹೊಂದಿಸಿದ ಅಗ್ಗದ ಗಿಟಾರ್ ನುಡಿಸುವುದೇ ಕೇಳುವವರಿಗೆ ಹಿತವಾಗಿರುತ್ತದೆ.

## ಹಂತ 3: ಬದಲಿಸಲಾಗದ ಭಾಗಗಳನ್ನು ಬೇರ್ಪಡಿಸಿ

ಬೆಲೆಯ ಅಂತರ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕರಗುತ್ತದೆ. ಮೊದಲನೆಯದು, ಎಲ್ಲಿ ಮತ್ತು ಎಷ್ಟು ಕೈಗೆಲಸದಿಂದ ತಯಾರಾಯಿತು ಎಂಬುದು. ಫೆಂಡರಿನ ಅಮೆರಿಕನ್ ಸಾಲು ಕ್ಯಾಲಿಫೋರ್ನಿಯಾದ ಕರೋನಾದಲ್ಲಿ, ಮಧ್ಯಮ ಬೆಲೆಯದು ಮೆಕ್ಸಿಕೋದ ಎನ್ಸೆನಾಡಾದಲ್ಲಿ, ಸ್ಕ್ವಾಯರ್ ಏಷ್ಯಾದ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಗಿಬ್ಸನ್ನಿನ ಎಲೆಕ್ಟ್ರಿಕ್ ಗಿಟಾರ್‌ಗಳು ನ್ಯಾಶ್‌ವಿಲ್‌ನಲ್ಲಿ ತಯಾರಾದರೆ ಎಪಿಫೋನ್‌ಗಳು ಬಹುತೇಕ ಚೀನಾದಿಂದ ಬರುತ್ತವೆ. ಕೂಲಿಯ ಅಂತರವೇ ಬೆಲೆಯ ದೊಡ್ಡ ಪಾಲು, ಮತ್ತು ಕೂಲಿಯ ಅಂತರ ನಿಮ್ಮ ಕಿವಿಗೆ ಕೇಳಿಸುವುದಿಲ್ಲ. ಆದರೆ ಫ್ರೆಟ್‌ಗಳ ತುದಿ ಉಜ್ಜಲು, ನಟ್ (ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಕೊರೆಯಲು, ಅಂತಿಮ ತಪಾಸಣೆಗೆ ಕಾರ್ಖಾನೆ ಕೊಟ್ಟ ಸಮಯ ನಿಮ್ಮ ಬೆರಳಿಗೆ ಖಂಡಿತ ಗೊತ್ತಾಗುತ್ತದೆ.

ಈಗ ಭಾಗಗಳನ್ನು ಎರಡು ಗುಂಪು ಮಾಡಿ. ನೆಕ್‌ನ (ಗಿಟಾರಿನ ಕೊರಳು) ಆಕಾರ, ದಪ್ಪ, ನೇರತನ, ಟ್ರಸ್ ರಾಡ್ (ನೆಕ್‌ನ ಒಳಗಿದ್ದು ಅದರ ಬಾಗನ್ನು ಸರಿಪಡಿಸುವ ಸರಳು), ಫ್ರೆಟ್‌ಬೋರ್ಡಿನ (ನೆಕ್‌ನ ಮೇಲೆ ಬೆರಳೊತ್ತುವ ಹಲಗೆ) ಅಡ್ಡಗಲದ ಬಾಗು, ನೆಕ್ ಮತ್ತು ದೇಹ ಸೇರುವ ಜಾಗದ ಬಿಗಿ, ಒಟ್ಟು ತೂಕ — ಇವು ಬದಲಾಗದ ಗುಂಪು. ಸ್ಕ್ರೂಗಳಿಂದ ಕೂಡಿಸಿದ ನೆಕ್‌ಗಳನ್ನು ಬದಲಿಸಬಹುದು, ನಿಜ. ಒಳ್ಳೆಯ ನೆಕ್‌ನ ಬೆಲೆ ಅನೇಕ ಸಲ ಇಡೀ ಅಗ್ಗದ ಗಿಟಾರಿನ ಬೆಲೆಯನ್ನು ಮೀರುತ್ತದೆ. ಅಂಟಿಸಿದ ನೆಕ್ ಇರುವ ಲೆಸ್ ಪಾಲ್ ಮಾದರಿಗಳಲ್ಲಿ ಆ ದಾರಿಯೂ ಇಲ್ಲ. ಫ್ರೆಟ್ ಕೆಲಸ ಎರಡು ಗುಂಪಿನ ನಡುವೆ ನಿಲ್ಲುತ್ತದೆ: ಎತ್ತರ ತಗ್ಗುಗಳನ್ನು ಸಮಮಾಡಿಸುವುದು ಸಾಧ್ಯ, ಆದರೆ ಅದು ಪರಿಣತರ ಕೆಲಸ, ಅದಕ್ಕೆ ತಕ್ಕ ಖರ್ಚೂ ಇದೆ.

ಪಿಕಪ್, ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳು (ನಾಬ್‌ನ ಕೆಳಗಿನ ನಿಯಂತ್ರಕಗಳು), ಸ್ವಿಚ್, ಜ್ಯಾಕ್, ನಟ್, ತಂತಿ ಬಿಗಿಯುವ ಟ್ಯೂನರ್, ಸ್ಯಾಡಲ್‌ಗಳು (ದೇಹದ ಕಡೆ ಪ್ರತಿ ತಂತಿ ಕೂರುವ ತುಂಡುಗಳು) ಬದಲಾಗುವ ಗುಂಪು. ಅಗ್ಗದ ಗಿಟಾರ್‌ಗಳಲ್ಲಿ ಸಿರಾಮಿಕ್ ಅಯಸ್ಕಾಂತದ ಪಿಕಪ್, ಸಣ್ಣ ಗಾತ್ರದ ಪಾಟ್, ಪ್ಲಾಸ್ಟಿಕ್ ನಟ್, ಟ್ರೆಮೊಲೋ (ಶ್ರುತಿಯನ್ನು ಅಲುಗಿಸುವ ಸನ್ನೆ) ಇದ್ದರೆ ಸತು ಮಿಶ್ರಲೋಹದ ಬ್ಲಾಕ್ ಇರುವುದು ಸಾಮಾನ್ಯ. ದುಬಾರಿಯವುಗಳಲ್ಲಿ ಆಲ್ನಿಕೋ ಅಯಸ್ಕಾಂತದ ಪಿಕಪ್, ಪೂರ್ಣ ಗಾತ್ರದ ಪಾಟ್, ಹಲವು ಮಾದರಿಗಳಲ್ಲಿ ಮೂಳೆಯ ನಟ್, ಉಕ್ಕಿನ ಬ್ಲಾಕ್. ಇವು ಪಟ್ಟಿಯಲ್ಲಿ ಎದ್ದು ಕಾಣುತ್ತವೆ, ಜಾಹೀರಾತುಗಳೂ ಇವುಗಳನ್ನೇ ಎತ್ತಿ ಹೇಳುತ್ತವೆ, ಕೊಳ್ಳುವವರೂ ಇವುಗಳನ್ನೇ ಹೋಲಿಸುತ್ತಾ ಕೂರುತ್ತಾರೆ. ನೆಕ್‌ನ ಉದ್ದಕ್ಕೂ ಕಣ್ಣು ಹಾಯಿಸಿ ನೋಡುವವರು ಕಡಿಮೆ.

ಮರದ ಬಗ್ಗೆ ಹೆಚ್ಚು ಚಿಂತಿಸಬೇಡಿ. ಆಲ್ಡರ್ ಬದಲು ಪಾಪ್ಲರ್ ಇದೆ, ಮಹಾಗನಿ ಬದಲು ಒಕೂಮೆ ಇದೆ ಎಂಬ ಕಾರಣಕ್ಕೆ ಮಾತ್ರ ಗಿಟಾರನ್ನು ತಿರಸ್ಕರಿಸುವುದು ಸರಿಯಲ್ಲ. ಪಿಕಪ್ ಎತ್ತರವನ್ನು ಒಂದು ಮಿಲಿಮೀಟರ್ ಬದಲಿಸಿದಾಗ ಕೇಳಿಸುವ ವ್ಯತ್ಯಾಸ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಲೇಪನ ಮಾತ್ರ ಬಳಕೆಯಲ್ಲಿ ಗೊತ್ತಾಗುತ್ತದೆ. ಗಿಬ್ಸನ್ ಬಳಸುವ ನೈಟ್ರೋಸೆಲ್ಯುಲೋಸ್ ಲೇಪನ ಕೆಲವು ಬಗೆಯ ರಬ್ಬರ್ ಮತ್ತು ಫೋಮ್ ತಾಗಿದರೆ ಕರಗಿ ಕಲೆಯಾಗುತ್ತದೆ, ಆದ್ದರಿಂದ ಸ್ಟ್ಯಾಂಡಿನ ಆಯ್ಕೆಯಲ್ಲೂ ಎಚ್ಚರ ಬೇಕು. ಅಗ್ಗದ ಗಿಟಾರಿನ ದಪ್ಪ ಪಾಲಿ (ಪ್ಲಾಸ್ಟಿಕ್ ಬಗೆಯ) ಲೇಪನಕ್ಕೆ ಆ ಭಯವಿಲ್ಲ.

## ಹಂತ 4: ಎರಡನ್ನೂ ಒಂದೇ ಅಳತೆಗೆ ತನ್ನಿ

ಇಡೀ ಕ್ರಮದಲ್ಲಿ ಅತಿ ಹೆಚ್ಚು ಮಂದಿ ಬಿಟ್ಟುಬಿಡುವ ಹಂತ ಇದೇ. ಅಗ್ಗದ ಗಿಟಾರ್‌ಗಳು ತಂತಿ ಎತ್ತರವಾಗಿಯೇ ಕಾರ್ಖಾನೆಯಿಂದ ಬರುವುದುಂಟು. ಆ ಸ್ಥಿತಿಯಲ್ಲಿ ನುಡಿಸಿ "ಇದು ಕೈಗೆ ಕಷ್ಟ" ಎಂದು ತೀರ್ಮಾನಿಸಿದರೆ, ನೀವು ಅಳೆದದ್ದು ಗಿಟಾರನ್ನಲ್ಲ, ಅದರ ಸ್ಕ್ರೂಗಳ ಸ್ಥಾನವನ್ನು.

ಕ್ರಮ ಹೀಗಿರಲಿ. ಹೊಸ ತಂತಿ ಹಾಕಿ, ಕೈಯಿಂದ ಎಳೆದು ಪಳಗಿಸಿ, ಶ್ರುತಿ ಮಾಡಿ. ಮೊದಲ ಫ್ರೆಟ್‌ಗೆ ಕೇಪೋ ಹಾಕಿ, ಆರನೆಯ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಎಂಟನೆಯ ಫ್ರೆಟ್ ಮತ್ತು ತಂತಿಯ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ಇದೇ ನೆಕ್‌ನ ರಿಲೀಫ್. ಫ್ರೆಟ್‌ಬೋರ್ಡಿನ ಬಾಗಿನ ತ್ರಿಜ್ಯ 9.5 ಇಂಚಿನಿಂದ 12 ಇಂಚಿನವರೆಗೆ ಇರುವ ಗಿಟಾರ್‌ಗಳಲ್ಲಿ 0.25 ಮಿ.ಮೀ. ಒಳ್ಳೆಯ ಆರಂಭ. ಸಂದು ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ ಅಳೆಯಿರಿ. ಕೀಲಿ ಕದಲದಿದ್ದರೆ ಬಲ ಹಾಕಬೇಡಿ. ಕದಲದ ಟ್ರಸ್ ರಾಡ್ ಇರುವ ಗಿಟಾರನ್ನು, ಅದರ ತಲೆಯ ಮೇಲೆ ಯಾವ ಹೆಸರಿದ್ದರೂ, ಅಲ್ಲೇ ಬಿಡಿ.

ರಿಲೀಫ್ ಸರಿಯಾದ ಮೇಲೆ ತಂತಿಯ ಎತ್ತರ. ಹದಿನೇಳನೆಯ ಫ್ರೆಟ್‌ನಲ್ಲಿ ಸುಮಾರು 1.6 ಮಿ.ಮೀ. ಇಡಿ. ಬಾಗಿನ ತ್ರಿಜ್ಯ 7.25 ಇಂಚು ಇರುವ ಹಳೆಯ ಶೈಲಿಯ ನೆಕ್‌ಗಳಲ್ಲಿ ದಪ್ಪ ತಂತಿಗೆ 2 ಮಿ.ಮೀ. ಬಿಡದಿದ್ದರೆ ಬೆಂಡ್ ಮಾಡುವಾಗ ಸ್ವರ ಅಡಗುತ್ತದೆ. ನಂತರ ನಟ್: ಪ್ರತಿ ತಂತಿಯನ್ನೂ ಎರಡು ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ಒತ್ತಿದಾಗ ಮೊದಲ ಫ್ರೆಟ್‌ನ ಮೇಲೆ ಕೂದಲೆಳೆಯಷ್ಟು ಸಂದು ಉಳಿಯಬೇಕು. ಸಂದು ದೊಡ್ಡದಾಗಿದ್ದರೆ ನಟ್ ಎತ್ತರವಿದೆ, ಅದರಿಂದ ಮೊದಲ ಮೂರು ಫ್ರೆಟ್‌ಗಳ ಕಾರ್ಡ್‌ಗಳು ಶ್ರುತಿ ತಪ್ಪಿ ಕೇಳಿಸುತ್ತವೆ. "ಅಗ್ಗದ ಗಿಟಾರ್ ಶ್ರುತಿಯಲ್ಲಿ ನಿಲ್ಲುವುದಿಲ್ಲ" ಎಂಬ ದೂರಿನ ಮೂಲ ಟ್ಯೂನರ್‌ಗಿಂತ ಹೆಚ್ಚಾಗಿ ಈ ನಟ್‌ನಲ್ಲಿರುತ್ತದೆ, ಮತ್ತು ಅದರ ಪರಿಹಾರ ಅತ್ಯಂತ ಅಗ್ಗ.

ಕೊನೆಗೆ ಇಂಟೊನೇಶನ್, ಅಂದರೆ ನೆಕ್‌ನ ಉದ್ದಕ್ಕೂ ಶ್ರುತಿ ಸರಿಯಿರುವುದು. ಹನ್ನೆರಡನೆಯ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಸೋಕಿ ಮೀಟಿದ ಸ್ವರ) ಮತ್ತು ಒತ್ತಿದ ಸ್ವರ ಎರಡನ್ನೂ ಟ್ಯೂನರಿನಲ್ಲಿ ನೋಡಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ. ತಂತಿಗಳನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಪಿಕಪ್‌ಗಳನ್ನು ತಂತಿಯಿಂದ, ಸಿಂಗಲ್ ಕಾಯಿಲ್ ಆದರೆ ದಪ್ಪ ತಂತಿಯ ಕಡೆ 2 ಮಿ.ಮೀ., ತೆಳು ತಂತಿಯ ಕಡೆ 1.6 ಮಿ.ಮೀ. ಅಂತರಕ್ಕೆ, ಹಂಬಕರ್ ಆದರೆ ಎರಡೂ ಕಡೆ 1.6 ಮಿ.ಮೀ. ಅಂತರಕ್ಕೆ ತನ್ನಿ. ಆಲ್ನಿಕೋ ಸಿಂಗಲ್ ಕಾಯಿಲ್ ತಂತಿಗೆ ಹೆಚ್ಚು ಹತ್ತಿರವಾದರೆ ಅದರ ಅಯಸ್ಕಾಂತ ತಂತಿಯನ್ನು ಎಳೆದು ಸ್ವರವನ್ನು ಅಲುಗಾಡಿಸುತ್ತದೆ. ದುಬಾರಿ ಗಿಟಾರನ್ನು ಈ ಕಾರಣಕ್ಕೆ ಅನ್ಯಾಯವಾಗಿ ದೂರಿದವರೂ ಇದ್ದಾರೆ.

## ಹಂತ 5: ಕೇಬಲ್ ಹಾಕದೆ, ಕೈಯಿಂದ ನೋಡಿ

ಬ್ರಿಜ್ (ಸ್ಯಾಡಲ್‌ಗಳಿರುವ ಭಾಗ) ಕಡೆಯಿಂದ ನೆಕ್‌ನ ಉದ್ದಕ್ಕೂ ಕಣ್ಣು ಹಾಯಿಸಿ. ಮಂದವಾದ ಸಮ ಬಾಗು ಕಂಡರೆ ಸರಿ. ಒಂದು ಅಂಚು ಇನ್ನೊಂದಕ್ಕಿಂತ ಬೇರೆಯಾಗಿ ಬಾಗಿದ್ದರೆ ನೆಕ್ ತಿರುಚಿದೆ, ಅದನ್ನು ಟ್ರಸ್ ರಾಡ್ ಸರಿಪಡಿಸಲಾರದು. ಅಂಗೈಯನ್ನು ಫ್ರೆಟ್‌ಬೋರ್ಡಿನ ಎರಡೂ ಅಂಚುಗಳಲ್ಲಿ ಸವರಿ: ಫ್ರೆಟ್ ತುದಿ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ. ಇದನ್ನು ಉಜ್ಜಿ ಸರಿಮಾಡಬಹುದು, ಚೌಕಾಸಿಗೆ ಕಾರಣವಾಗಬಹುದು, ತಿರಸ್ಕರಿಸಲು ಕಾರಣವಾಗಬೇಕಿಲ್ಲ.

ಬಳಿಕ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ನಿಧಾನವಾಗಿ ನುಡಿಸಿ. ಬೇಸರದ ಕೆಲಸ, ಆದರೆ ಇದಕ್ಕೆ ಬದಲಿಯಿಲ್ಲ. ಒಂದೇ ಜಾಗದಲ್ಲಿ ಸ್ವರ ಗರಗರ ಎಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ತೆಳು ತಂತಿಗಳಲ್ಲಿ ಹನ್ನೆರಡರಿಂದ ಕೊನೆಯ ಫ್ರೆಟ್‌ವರೆಗೆ ಪೂರ್ಣ ಸ್ವರದ ಬೆಂಡ್ ಮಾಡಿ ಹಿಡಿಯಿರಿ. ಟ್ಯೂನರ್ ತಿರುಗಿಸುವಾಗ ಮೂರನೆಯ ತಂತಿ ನಟ್‌ನಲ್ಲಿ "ಟಿಣ್" ಎಂದರೆ ಅಲ್ಲಿ ತಂತಿ ಕೂರುವ ಸೀಳು ಕಿರಿದಾಗಿದೆ.

ಪಟ್ಟಿ ಹಾಕಿ ನಿಂತು ಅರ್ಧ ಗಂಟೆಯಾದರೂ ನುಡಿಸಿ. ಗಿಟಾರಿನ ತಲೆ ನೆಲದತ್ತ ಜಾರುತ್ತದೆಯೇ, ಭುಜ ಸೋಲುತ್ತದೆಯೇ, ಹೆಬ್ಬೆರಳಿನ ಬುಡ ನೋಯುತ್ತದೆಯೇ ಎಂಬುದನ್ನು ಬರೆದಿಡಿ. ಮಾರುವವರು ಕೊಡುವ ಐದು ನಿಮಿಷದಲ್ಲಿ ಕೈಗೆ ನೆಕ್ ಒಗ್ಗಿತೇ ಎಂದು ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಅರ್ಧ ಗಂಟೆಯ ಟಿಪ್ಪಣಿಗೆ ಮುಂದಿನ ಹಂತದ ಧ್ವನಿ ಪರೀಕ್ಷೆಗಿಂತ ಹೆಚ್ಚು ತೂಕವಿದೆ.

## ಹಂತ 6: ಕಣ್ಣು ಮುಚ್ಚಿ ಕೇಳಿ

ಒಂದೇ ಕೇಬಲ್, ಒಂದೇ ಆಂಪ್ಲಿಫೈಯರ್, ಅಲುಗಾಡದ ನಾಬ್‌ಗಳು. ಎರಡು ಗಿಟಾರ್‌ಗಳಲ್ಲಿ ಒಂದರ ಪಿಕಪ್ ಹೆಚ್ಚು ಜೋರಾಗಿದ್ದರೆ ಅದನ್ನು ತಗ್ಗಿಸಿ ಸಮ ಮಾಡಿ, ಏಕೆಂದರೆ ಜೋರಾದದ್ದು ಕಿವಿಗೆ ಚೆನ್ನಾಗಿರುವಂತೆ ತೋರುತ್ತದೆ. ನೀವು ಬೆನ್ನು ತಿರುಗಿಸಿ ಕುಳಿತು, ಸ್ನೇಹಿತರು ನಾಣ್ಯ ಚಿಮ್ಮಿ ಬಂದ ಕ್ರಮದಲ್ಲಿ ಒಂದೇ ನುಡಿಯನ್ನು ನುಡಿಸಲಿ. ಪ್ರತಿ ಸಲ ಯಾವುದು ಇಷ್ಟವಾಯಿತೆಂದು ಬರೆಯಿರಿ. ಹತ್ತು ಸಲವಾದರೂ ಮಾಡಿ. ಆಯ್ಕೆ ಅತ್ತಿತ್ತ ಚದುರಿದ್ದರೆ ಧ್ವನಿಯ ಆಧಾರದ ಮೇಲೆ ಹೆಚ್ಚು ಹಣ ಕೊಡಲು ನಿಮಗೆ ಕಾರಣವಿಲ್ಲ. ಮೊದಲು ಶುದ್ಧ ಧ್ವನಿಯಲ್ಲಿ, ಆಮೇಲೆ ಡಿಸ್ಟಾರ್ಷನ್‌ನಲ್ಲಿ (ಬೇಕೆಂದೇ ಒರಟಾಗಿಸಿದ ಧ್ವನಿ) ಕೇಳಿ. ಡಿಸ್ಟಾರ್ಷನ್ ಹೆಚ್ಚಾದಂತೆ ಗಿಟಾರ್‌ಗಳ ವ್ಯತ್ಯಾಸ ಮಸುಕಾಗುತ್ತದೆ.

ವಾಲ್ಯೂಮ್ ನಾಬ್ ಅನ್ನು ಹತ್ತರಿಂದ ಐದಕ್ಕೆ ಇಳಿಸಿ. ಇಳಿಕೆ ಕ್ರಮವಾಗಿದೆಯೇ, ಕೊನೆಯಲ್ಲಿ ಒಮ್ಮೆಲೇ ಸಾಯುತ್ತದೆಯೇ ಎಂದು ಗಮನಿಸಿ. ಅಗ್ಗದ ಗಿಟಾರ್ ಬಹಳ ಸಲ ಸೋಲುವುದು ಇಲ್ಲಿ, ಮತ್ತು ಸೋತರೆ ದುರಸ್ತಿ ಸುಲಭ: ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್, ಹಂಬಕರ್‌ಗೆ 500 ಕಿಲೋ ಓಮ್ ಪಾಟ್.

ಸಿಂಗಲ್ ಕಾಯಿಲ್‌ನ ಗುಂಯ್ ಎಂಬ ಸದ್ದು ದೋಷವಲ್ಲ, ಅದು ದುಬಾರಿಯದರಲ್ಲೂ ಇರುತ್ತದೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದೂ ಸಹಜ. ಮುಟ್ಟಿದಾಗ ಸದ್ದು ಹೆಚ್ಚಾದರೆ ಗ್ರೌಂಡ್ ವೈರಿಂಗ್ ತಪ್ಪಿರಬಹುದು. ಕೈಗೆ ಜುಮ್ಮೆನಿಸಿದರೆ ತಕ್ಷಣ ನಿಲ್ಲಿಸಿ, ಆಂಪ್ಲಿಫೈಯರ್ ಮತ್ತು ವಿದ್ಯುತ್ ಸಂಪರ್ಕವನ್ನು ತಪಾಸಣೆ ಮಾಡಿಸುವವರೆಗೆ ಮುಟ್ಟಬೇಡಿ. ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ ಹಳೆಯ ಶೈಲಿಯ ಸಿಂಗಲ್ ಕಾಯಿಲ್ ಸುಮಾರು 5.5ರಿಂದ 7 ಕಿಲೋ ಓಮ್, ಹಂಬಕರ್ ಸುಮಾರು 7ರಿಂದ 9 ತೋರಿಸುತ್ತದೆ. ಯಾವುದೋ ಒಂದು ಪಿಕಪ್‌ನಲ್ಲಿ ಅದಕ್ಕಿಂತ ತೀರ ದೊಡ್ಡ ಸಂಖ್ಯೆ ಬಂದರೆ ಅದರ ಸುರುಳಿಯ ತಂತು ಕಡಿದಿರಬಹುದು. ಈ ಸಂಖ್ಯೆಯನ್ನು ಗುಣಮಟ್ಟದ ಅಂಕವೆಂದು ಓದಬೇಡಿ.

## ಹಂತ 7: ಬಿಡಿಭಾಗ ಬದಲಿಸುವ ಲೆಕ್ಕವನ್ನು ಪೂರ್ತಿ ಮಾಡಿ

ಅಗ್ಗದ ಗಿಟಾರಿನಲ್ಲಿ ನಿಮಗೆ ಬೇಕಾದ ಬದಲಾವಣೆಗಳನ್ನೆಲ್ಲ ಈಗಲೇ ಬರೆದು, ಕೂಲಿಯನ್ನೂ ಸೇರಿಸಿ ಕೂಡಿಸಿ. ಒಟ್ಟು ಮೊತ್ತ ಎರಡು ಗಿಟಾರ್‌ಗಳ ಬೆಲೆಯ ಅಂತರದ ಅರ್ಧ ದಾಟಿದರೆ ಆ ಯೋಜನೆ ಕೈಬಿಡಿ. ಮಾರುವಾಗ ಬಿಡಿಭಾಗದ ಹಣ ಮರಳುವುದಿಲ್ಲ. ಮೂಲ ಮಾದರಿ ತನ್ನ ಬೆಲೆಯನ್ನು ಹೆಚ್ಚು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಜೋಪಾನ ಮಾಡಿ, ಮಾರುವ ದಿನ ಮತ್ತೆ ಕೂಡಿಸಬಹುದು.

ಅಳತೆ ಹೊಂದದಿರುವುದು ಇಲ್ಲಿನ ಸಾಮಾನ್ಯ ತಪ್ಪು. ಸ್ಟ್ರಾಟೋಕಾಸ್ಟರ್ ಮಾದರಿಯ ಬ್ರಿಜ್‌ಗಳಲ್ಲಿ ತಂತಿಗಳ ಹರವು 52.5 ಮಿ.ಮೀ. ಇರುವುದೂ ಉಂಟು, 56 ಮಿ.ಮೀ. ಇರುವುದೂ ಉಂಟು. ಪೂರ್ಣ ಗಾತ್ರದ ಪಾಟ್ ಅಗ್ಗದ ಗಿಟಾರಿನ ಸಣ್ಣ ರಂಧ್ರದಲ್ಲಿ ತೂರುವುದಿಲ್ಲ, ಟ್ಯೂನರ್ ರಂಧ್ರದ ವ್ಯಾಸ ಬೇರೆಯಿರಬಹುದು. ಅಳೆಯದೆ ಏನನ್ನೂ ತರಿಸಬೇಡಿ.

ನಡುವಿನ ದಾರಿಯೂ ಇದೆ. ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್, ಸ್ಕ್ವಾಯರಿನ ಕ್ಲಾಸಿಕ್ ವೈಬ್, ಎಪಿಫೋನಿನ ಮೇಲ್ದರ್ಜೆಯ ಸಾಲು ಇವು ಬದಲಿಸಲಾಗದ ಭಾಗಗಳಲ್ಲಿ ಅಗ್ಗದ ಮಾದರಿಗಳಿಗಿಂತ ಮುಂದಿರುತ್ತವೆ. ಮೊದಲ ಗಿಟಾರನ್ನು ಮೀರಿ ಬೆಳೆದ ಹೆಚ್ಚಿನವರಿಗೆ ನಾನು ಸೂಚಿಸುವುದು ಇದನ್ನೇ, ಇಲ್ಲವೇ ಬಳಸಿದ ಮೂಲ ಮಾದರಿಯನ್ನು.

## ಹಂತ 8: ಬಳಸಿದ್ದನ್ನು ಕೊಳ್ಳುವಾಗ

ಗಿಬ್ಸನ್ ಆದರೆ ನಟ್‌ನ ಹಿಂಭಾಗವನ್ನು ಓರೆ ಬೆಳಕಿನಲ್ಲಿ ನೋಡಿ. ಹಿಂದಕ್ಕೆ ವಾಲಿದ ತಲೆ ಬೀಳುವಾಗ ಒಡೆಯುವುದು ಅಲ್ಲೇ. ಚೆನ್ನಾಗಿ ಅಂಟಿಸಿದ ಬಿರುಕು ನುಡಿಸಲು ತೊಂದರೆ ಕೊಡದು, ಆದರೆ ಬೆಲೆ ಗಣನೀಯವಾಗಿ ಇಳಿಯಲೇಬೇಕು. ಸವೆದ ಫ್ರೆಟ್‌ಗಳಿದ್ದರೆ ಹೊಸ ಫ್ರೆಟ್ ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಕೆಲವು ಹಳೆಯ ಗಿಟಾರ್‌ಗಳಲ್ಲಿರುವ ಬ್ರೆಜಿಲಿಯನ್ ರೋಸ್‌ವುಡ್ ಮರ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಅಂಥ ಗಿಟಾರನ್ನು ದೇಶದ ಗಡಿ ದಾಟಿಸಬೇಕಾದರೆ ಪರವಾನಗಿ ಬೇಕು.

ನಕಲಿಗಳು ಬೇರೆಯೇ ಜಾತಿ. ಸ್ಕ್ವಾಯರ್ ಮತ್ತು ಎಪಿಫೋನ್ ಅಧಿಕೃತ ಗಿಟಾರ್‌ಗಳು; ಗಿಬ್ಸನ್ ಹೆಸರು ಅಂಟಿಸಿದ ಅನಾಮಿಕ ಗಿಟಾರ್ ವಂಚನೆ. ಟ್ರಸ್ ರಾಡಿನ ಮುಚ್ಚಳಕ್ಕೆ ಗಿಬ್ಸನ್ ಸಾಮಾನ್ಯವಾಗಿ ಎರಡು ಸ್ಕ್ರೂ ಬಳಸುತ್ತದೆ, ನಕಲಿಗಳಲ್ಲಿ ಮೂರು ಕಾಣುವುದುಂಟು. ಕ್ರಮಸಂಖ್ಯೆ ಸಾಮಾನ್ಯವಾಗಿ ಮರದಲ್ಲಿ ಒತ್ತಿದಂತಿರುತ್ತದೆ. ಹಿಂಬದಿಯ ಮುಚ್ಚಳ ತೆಗೆದು ವೈರಿಂಗ್ ನೋಡಲು ಮಾರುವವರು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಿ.

## ಹಂತ 9: ತೀರ್ಮಾನ ಮತ್ತು ಮೊದಲ ವಾರಗಳು

ಹಂತ 5ರಲ್ಲಿ ದುಬಾರಿ ಗಿಟಾರಿನ ನೆಕ್ ಸ್ಪಷ್ಟವಾಗಿ ಗೆದ್ದು, ಹಂತ 2ರ ಲೆಕ್ಕ ಮುರಿಯದಿದ್ದರೆ ಮೂಲವನ್ನೇ ಕೊಳ್ಳಿ, ಹಿಂಜರಿಯಬೇಡಿ. ನೆಕ್ ಎರಡರಲ್ಲೂ ಸಮವಾಗಿದ್ದು ವ್ಯತ್ಯಾಸ ಪಿಕಪ್, ಪಾಟ್, ಟ್ಯೂನರ್‌ಗಳಲ್ಲೇ ಇದ್ದರೆ ಅಗ್ಗದ್ದು ಸಾಕು. ಎರಡೂ ಸಮವಾಗಿದ್ದು, ಹಣಕ್ಕೂ ತೊಂದರೆಯಿಲ್ಲದೆ, ಮನಸ್ಸು ಮಾತ್ರ ಆ ಹೆಸರಿನತ್ತ ಎಳೆಯುತ್ತಿದ್ದರೆ, ಹಂತ 1ರಲ್ಲಿ ಅಳಿಸಿದ ಪ್ರೀತಿಗೆ ಈಗ ಜಾಗ ಕೊಡಬಹುದು. ನೀವು ಪರೀಕ್ಷಿಸಿದ ಗಿಟಾರನ್ನೇ ಕೊಳ್ಳಿ. ಅದೇ ಮಾದರಿಯ ಮುಚ್ಚಿದ ಪೆಟ್ಟಿಗೆಯಲ್ಲಿರುವುದು ಇನ್ನೊಂದು ಮರದ ಇನ್ನೊಂದು ಗಿಟಾರ್.

ಮನೆಗೆ ತಂದ ಮೇಲೆ ಅದರ ಮರ ಅಲ್ಲಿನ ತೇವಕ್ಕೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ರಿಲೀಫ್ ಮತ್ತು ತಂತಿಯ ಎತ್ತರವನ್ನು ಮತ್ತೆ ಅಳೆದು ಮೊದಲ ಅಳತೆಯ ಪಕ್ಕ ಬರೆಯಿರಿ. ಸ್ವಲ್ಪ ಕದಲಿದ್ದರೆ ಕಾಲು ಸುತ್ತಿನಲ್ಲಿ ಸರಿಹೋಗುತ್ತದೆ. ಪ್ರತಿ ವಾರವೂ ಕದಲುತ್ತಲೇ ಇದ್ದರೆ, ಅಥವಾ ನೆಕ್‌ನ ಎರಡು ಅಂಚುಗಳ ಅಳತೆ ಬೇರೆಯಾಗುತ್ತಾ ಹೋದರೆ, ಆ ಟಿಪ್ಪಣಿಯನ್ನೇ ಜೊತೆಗಿಟ್ಟು ಗಿಟಾರನ್ನು ಹಿಂದಿರುಗಿಸಿ.